ಮುದ್ದಾಜಿ ಸಾಕಿದ ಗಂಡಸರು

ಊರಲ್ಲಿ ಮತ್ತೆ ಡಂಗುರ ಬಿತ್ತು: "ಕೇಳ್ರಪ್ಪೋ ಕೇಳಿ! ದೊರೆಮಗಳು ಮುದ್ದಾಜಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನು ಅವರ ಅಂಗಳದಲ್ಲಿರುವ ಒಂದನ್ನು ಆರಿಸಿಕೊಳ್ಳಬಹುದು, ಅಮ್ಮಣ್ಣಿಯವರನ್ನೇ ಆರಿಸಿಕೊಂಡರೂ ಸರಿ. ತಪ್ಪಿದವನು ಕೊರಳಿಗೆ ಪಟ್ಟಿ ಹಾಕಿಸಿಕೊಂಡು ಸಾಯೋತನಕ ಅದೇ ಅಂಗಳದಲ್ಲಿ ಸಾಕುಪ್ರಾಣಿಯಾಗಿ ಇರಬೇಕು. ಓಡಿಹೋದರೆ ತಲೆ ಹೋಗುತ್ತದೆ!"

ಅಮ್ಮಣ್ಣಿಗೆ ಪ್ರಾಣಿಗಳೆಂದರೆ ಪ್ರಾಣವಂತೆ. ಇರಬಹುದು ಬಿಡಿ. ಗಿಳಿ ಹಾರಿಹೋದೀತೆಂದು ಅದರ ಗರಿ ತಾನೇ ಕೀಳುತ್ತಿದ್ದಳು, ಕಿತ್ತ ಜಾಗಕ್ಕೆ ಬೆಣ್ಣೆಯನ್ನೂ ತಾನೇ ಸವರುತ್ತಿದ್ದಳು. ಇಂಥವಳನ್ನು ಗೆಲ್ಲಲು ಹೋದ ಹನ್ನೊಂದು ಮಂದಿ ಆಗಲೇ ಪಟ್ಟಿ ಹಾಕಿಕೊಂಡು ಕೂತಿದ್ದರು. ಅವರಲ್ಲೊಬ್ಬ ಬೇಟೆಗಾರರ ಹಟ್ಟಿಯ ಓಬಯ್ಯ, ಹೋದ ವರ್ಷ ಸೋತವನು. ಅವನನ್ನು ಬಿಡಿಸಿಕೊಂಡೇ ಹೋಗಬೇಕೆಂದು ತಮ್ಮ ಕಾಟಯ್ಯ ಬಂದ. ಜಿಂಕೆ ಹಿಡಿದು ಪಳಗಿಸುವುದು ಅವನ ಕಸುಬು. ಹರಕು ಕಂಬಳಿ, ಬರಿಗಾಲು. ಕಾವಲಿನವರು ನಕ್ಕರು.

ಅವತ್ತು ಅವನ ಜೊತೆಗೆ ಒಬ್ಬ ಪಾಳೆಯಗಾರನೂ ಒಬ್ಬ ಪಂಡಿತನೂ ನಿಂತಿದ್ದರು. ಮುದ್ದಾಜಿ ಮೊದಲನೆಯದನ್ನು ಹಾಕಿದಳು. "ಕಾಡಲ್ಲಿ ಹುಟ್ಟಿ ನನ್ನ ಕೈಯ ಹಾಲು ಕುಡಿದು ಬೆಳೆಯಿತು. ತಿವಿಯುವುದಿಲ್ಲ, ಕಚ್ಚುವುದಿಲ್ಲ, ಆದರೂ ತನ್ನ ಕುಲವನ್ನೇ ಕೊಲ್ಲಿಸುತ್ತದೆ. ಯಾವುದದು?"

ಪಾಳೆಯಗಾರ ಮೀಸೆ ತಿರುವಿ ಆನೆ ಎಂದ. ಮಾತು ಮುಗಿಯುವ ಮೊದಲೇ ಕೊರಳಿಗೆ ಪಟ್ಟಿ ಬಿತ್ತು. ಕಾಟಯ್ಯ, ಅದು ಸಾಕಿದ ಜಿಂಕೆ ಎಂದ. ಅದನ್ನು ಬಯಲಲ್ಲಿ ಮೇಯಲು ಬಿಟ್ಟರೆ ಕಾಡಿನವು ನಂಬಿ ಹತ್ತಿರ ಬರುತ್ತವೆ, ಪೊದೆಯಲ್ಲಿ ಅಡಗಿದವರು ಬಾಣ ಬಿಡುತ್ತಾರೆ ಎಂದು ಬಿಡಿಸಿ ಹೇಳಿದ. ಪಂಡಿತ ಹಿಂದೆಯೇ "ಅದೇ, ಅದೇ" ಎಂದು ತಲೆಯಾಡಿಸಿದ. ಎಲಾ ಇವನ! ಅಮ್ಮಣ್ಣಿ ಎರಡನೆಯದನ್ನು ಮೊದಲು ಪಂಡಿತನಿಗೇ ಕೇಳಿದಳು.

"ಒಂದೇ ತಾಯಿಯ ಎರಡು ನಾಯಿಮರಿ. ಒಂದು ನನ್ನ ಹಾಸಿಗೆಯಲ್ಲಿ ಮಲಗುತ್ತದೆ. ಇನ್ನೊಂದನ್ನು ಬೀದಿನಾಯಿಗಳ ಜೊತೆ ಹೊಡೆಸಿ ಕೊಲ್ಲಿಸಿ ಗುಂಡಿಗೆ ಹಾಕಿಸಿದೆ. ಎರಡಕ್ಕೂ ಏನು ವ್ಯತ್ಯಾಸ?"

ಪೂರ್ವಜನ್ಮದ ಪುಣ್ಯವೆಂದು ಪಂಡಿತ ಶ್ಲೋಕ ಸಮೇತ ಹೇಳಿದ. ಶ್ಲೋಕದ ಕೊನೆಯ ಸಾಲು ಪಟ್ಟಿಯೊಳಗಿಂದಲೇ ಬಂತು.

"ಒಂದಕ್ಕೆ ನೀವು ಹೆಸರಿಟ್ರಿ ಅಮ್ಮಣ್ಣಿ," ಎಂದ ಕಾಟಯ್ಯ. "ಇನ್ನೊಂದಕ್ಕೆ ಇಡಲಿಲ್ಲ. ಅಷ್ಟೇಯ."

ಮುದ್ದಾಜಿ ಕೊನೆಯದನ್ನು ಹಾಕಿದಳು. "ಮೊದಮೊದಲು ಸರಪಳಿ ಬೇಕು. ಆಮೇಲೆ ಬಾಗಿಲು ತೆಗೆದಿಟ್ಟರೂ ಹೋಗುವುದಿಲ್ಲ. ಸರಪಳಿಯ ಜಾಗಕ್ಕೆ ಏನು ಬಂತು?"

ಈ ಮೂರನೆಯ ಒಗಟಿನವರೆಗೆ ಬಂದವರೆಲ್ಲ ಅವಳಿಗೆ ಹಿಡಿಸಲೆಂದು ಪ್ರೀತಿ ಎಂದೇ ಹೇಳಿ ಕೆಟ್ಟಿದ್ದರು. ಓಬಯ್ಯನೂ ಹಾಗೆಯೇ ಸೋತದ್ದು. ಕಾಟಯ್ಯ ಮಾತ್ರ ಯೋಚಿಸಲೂ ಇಲ್ಲ, ಅದು ಅವನ ದಿನದ ಕೆಲಸ.

"ಹೊತ್ತಿಗೆ ಸರಿಯಾಗಿ ಬರೋ ಊಟ. ಮೂರು ತಿಂಗಳು ತಪ್ಪದೆ ಹುಲ್ಲು ಹಾಕಿದ್ರೆ ಸಾಕು, ಜಿಂಕೆ ಕಾಡನ್ನ ಮರೀತದೆ."

ಸರಿಯುತ್ತರವೆಂದು ಮುದ್ದಾಜಿ ಒಪ್ಪಿದಳು. ಏನು ಬೇಕೋ ಆರಿಸಿಕೋ ಎಂದಳು. ಅವನು ಅಣ್ಣನನ್ನು ಕೇಳಿದ. ಮಾತಿಗೆ ತಪ್ಪದ ಹೆಣ್ಣು, ಓಬಯ್ಯನ ಪಟ್ಟಿಯನ್ನು ತಾನೇ ಬಿಚ್ಚಿ, ಕೋಟೆ ಬಾಗಿಲನ್ನೂ ತೆರೆಸಿದಳು. ಓಬಯ್ಯನಿಗೆ ಹೊಟ್ಟೆ ಬಂದಿತ್ತು, ಮೈ ಮಿರಮಿರ ಮಿಂಚುತ್ತಿತ್ತು.

"ಬಾರಣ್ಣ, ಅವ್ವ ಕಾಯ್ತಾವಳೆ," ಎಂದ ಕಾಟಯ್ಯ.

ಓಬಯ್ಯ ಏಳಲಿಲ್ಲ. ಅಡುಗೆಮನೆಯ ಕಡೆ ನೋಡಿ, "ಊಟದ ಹೊತ್ತಾಯ್ತಲ್ಲೋ ಕಾಟಾ," ಎಂದ.

ಜಿಂಕೆಯ ವಿಷಯದಲ್ಲಿ ತನಗೆ ಗೊತ್ತಿದ್ದ ಉತ್ತರವನ್ನು ಕಾಟಯ್ಯ ಒಡಹುಟ್ಟಿದವನ ಮೇಲೆ ಇಟ್ಟು ನೋಡಿರಲೇ ಇಲ್ಲ. ಅವನಿಗೆ ಅಳು ಬಂತು. ಅಳುತ್ತಲೇ ಅಣ್ಣನ ರೆಟ್ಟೆ ಹಿಡಿದು ಎಳೆದ. ಓಬಯ್ಯ ತಮ್ಮನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದ.

ಆದರೂ ಕಾಟಯ್ಯ ಬಿಡದೆ ಎಳೆದುಕೊಂಡು ಹೋದ. ಹಟ್ಟಿಯಲ್ಲಿ ಓಬಯ್ಯ ಅಂಗಳಕ್ಕೆ ವಾಪಸು ಓಡದ ಹಾಗೆ ಕಂಬಕ್ಕೆ ಕಟ್ಟಿಯೇ ಅನ್ನ ಹಾಕಿದರು. ಹೊತ್ತು ಹೊತ್ತಿಗೆ ಸರಿಯಾಗಿ ಹಾಕಿದವಳು ಹೆತ್ತ ತಾಯಿಯೇ.