ಅಳಿವೆಯ ಬಾಯಲ್ಲಿ ಸ್ವಾಮಿಗಳು ಆಡಿದ ಮಾತು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಸುಕ್ರು ಹರಿಕಂತ್ರರು. ಅಂದು ಆ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಇಬ್ಬರಲ್ಲಿ ಅವರೊಬ್ಬರು. ನಮ್ಮ ಜಗಲಿಯಲ್ಲಿ ಕುಳಿತವರು ಎದ್ದು ಹೋಗಿ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದ ಮೇಲೆಯೇ ಸ್ವಾಮಿಗಳ ಹೆಸರೆತ್ತಿದರು.

ಪೂಜ್ಯ ಶ್ರೀ ಮೌನಬೋಧ ಸ್ವಾಮಿಗಳು ಆ ಕಾಲದಲ್ಲಿ ಕಿರುಗಡಿಯ ಕಡಲಂಚಿನ ಗುಡ್ಡದ ಮೇಲೆ, ತೆಂಗಿನ ಮಡಲು ಹೊದಿಸಿದ ಗುಡಿಸಲಿನಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ತಂಬಿಗೆ, ಎರಡು ಕಾವಿ ಪಂಚೆ. ಅವರ ಮಠವೆಂದರೆ ಅಷ್ಟೇ. ಬಂದವರಿಗೆ ಉಪದೇಶ ಮಾಡುವುದೂ ಅಪರೂಪ. ಬಂದವರು ಹೇಳಿದ್ದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಿದ್ದರು.

ಶ್ರಾವಣದ ನೂಲ ಹುಣ್ಣಿಮೆ ಕಳೆದು ವಾರವಾಗಿತ್ತು. ಬೆಳಗಿನ ಜಾವ ಮೂಡಂಗಿಯ ಜಟ್ಟಿ ತಾಂಡೇಲ ಗುಡಿಸಲಿನ ಬಾಗಿಲಿಗೆ ಬಂದು ನಿಂತ. ತಾಂಡೇಲನೆಂದರೆ ದೋಣಿಯ ಯಜಮಾನ, ಚುಕ್ಕಾಣಿ ಹಿಡಿಯುವವನು. ಅವನು ಕೈ ಮುಗಿಯಲಿಲ್ಲ.

"ನಮ್ಮವ್ವ ಹಾಸಿಗೆ ಹಿಡಿದಾಳೆ. ಕಣ್ಣು ಮುಚ್ಚೂದ್ರೊಳಗೆ ನಿಮ್ಮನ್ನ ನೋಡ್ಬೇಕಂತೆ. ನಂಗೆ ಇದ್ರಲ್ಲೆಲ್ಲ ನಂಬ್ಕಿ ಇಲ್ಲ, ಮೊದ್ಲೇ ಹೇಳ್ತೆ. ಅವ್ವನ ಮಾತಿಗೆ ಬಂದದ್ದು."

ಸ್ವಾಮಿಗಳು ತಂಬಿಗೆ ಎತ್ತಿಕೊಂಡು ಹೊರಟೇ ಬಿಟ್ಟರು.

ಜಟ್ಟಿ ಹುಟ್ಟಿನಿಂದ ನಾಸ್ತಿಕನಲ್ಲ. ಎರಡು ವರ್ಷದ ಹಿಂದೆ ಅವನ ತಮ್ಮ ದೇವು ಮೂಡಂಗಿಯ ಅಳಿವೆಯಲ್ಲಿ, ಅಂದರೆ ಹೊಳೆಯು ಕಡಲು ಸೇರುವ ಬಾಯಲ್ಲಿ, ಅಣ್ಣನ ದೋಣಿಯಿಂದಲೇ ಬಿದ್ದು ತೀರಿಹೋಗಿದ್ದ. "ದೇವ್ರು ಕಣ್ಣು ಮುಚ್ಕಂಡಿದ್ದ" ಎಂದು ಜಟ್ಟಿ ಊರಿಗೆಲ್ಲ ಹೇಳಿದ. ಅಂದಿನಿಂದ ಮನೆಯಲ್ಲಿ ದೀಪ ಹಚ್ಚಲಿಲ್ಲ, ತಾಯಿಯ ಮುಖ ನೋಡಿ ನಾಲ್ಕು ಮಾತು ಆಡಿದ್ದೂ ಇಲ್ಲ.

ಮಳೆಗೆ ಹೊಳೆಗಳು ತುಂಬಿ ನೆಲದ ದಾರಿ ಮುಚ್ಚಿತ್ತು. ಕಡಲಂಚು ಹಿಡಿದು ತೆಂಕಲಿಗೆ ಹೋಗುವುದೊಂದೇ ಉಳಿದ ದಾರಿ. ದೋಣಿಯಲ್ಲಿ ಜಟ್ಟಿ, ಸುಕ್ರು, ಸುಕ್ರುವಿನ ಭಾವ ಬೊಮ್ಮು, ನಡುವೆ ಸ್ವಾಮಿಗಳು. ಹೊರಡುವಾಗ ವಾಡಿಕೆಯಂತೆ ಕಡಲಿಗೆ ಕಾಯಿ ಬಿಟ್ಟರು. ಆ ಕರಾವಳಿಯಲ್ಲಿ ಒಂದು ಕಟ್ಟಳೆಯಿದೆ. ಕಾಯಿ ಬಿಟ್ಟ ದೋಣಿ ಅಳಿವೆಯ ಬಾಯಿಗೆ ಬಂದ ಮೇಲೆ ಮುಖ ತಿರುಗಿಸಬಾರದು. ಅಲ್ಲಿ ತಾಂಡೇಲನನ್ನು ಬಿಟ್ಟು ಇನ್ನೊಬ್ಬರು ಬಾಯಿ ತೆರೆಯಬಾರದು. ತಿರುಗಿಸಿದ ತಾಂಡೇಲನನ್ನು ದಡದಲ್ಲಿ ಮೀನು ಬುಟ್ಟಿ ಹಿಡಿದು ನಿಂತ ಹೆಂಗಸರು ಕೂಡ ಆಡಿಕೊಳ್ಳುತ್ತಾರೆ.

ಕಡಲಿಗೆ ಚಾಚಿಕೊಂಡ ಮೊದಲ ಮೂಗುಗುಡ್ಡ ದಾಟುವಷ್ಟರಲ್ಲಿ ಗಾಳಿ ಅಡ್ಡ ಹೊಡೆಯಿತು. ಹಾಯಿ ಮೇಲಿಂದ ಕೆಳಗಿನವರೆಗೆ ಹರಿಯಿತು. ಹುಟ್ಟಿನಲ್ಲೇ ಹೋಗಬೇಕಾಯಿತು. ಅಲೆ ಅಂಚು ಹಾರಿ ಒಳಗೆ ಬಿದ್ದು ಸ್ವಾಮಿಗಳ ಮೊಣಕಾಲಿನವರೆಗೆ ನೀರು. ಜಟ್ಟಿ ಕೂಗಿದ:

"ಸ್ವಾಮ್ಯಾರೇ, ಮಂತ್ರ ಹೇಳಿದ್ರೆ ಈ ನೀರು ಹೊರಗೆ ಹೋಗೂದಿಲ್ಲ!"

"ಹೌದು, ಅದಕ್ಕೆ ಡಬ್ಬಿ ಬೇಕು" ಎಂದರು ಸ್ವಾಮಿಗಳು.

ಬೊಮ್ಮು ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟನಂತೆ. ಸ್ವಾಮಿಗಳು ಹಲಗೆಯಡಿಯ ತಗಡಿನ ಡಬ್ಬಿ ತೆಗೆದು, ಪಂಚೆ ಮೇಲಕ್ಕೆ ಕಟ್ಟಿ, ನೀರು ಎತ್ತಿ ಹಾಕತೊಡಗಿದರು. ಅಂಗೈಯ ಚರ್ಮ ಸುಲಿಯಿತು. ನಡುವೆ ಎರಡು ಸಲ ವಾಂತಿಯಾಯಿತು. ಬಾಯಿ ತೊಳೆದು ಮತ್ತೆ ಎತ್ತಿದರು. ಜಟ್ಟಿ ನೋಡುತ್ತಿದ್ದ.

ಮೂಡಂಗಿ ಕಂಡಾಗ ನಡುಹಗಲು. ಇಳಿತದ ಹೊತ್ತು, ಹೊಳೆಯ ನೀರು ರಭಸದಿಂದ ಕಡಲಿಗೆ ಇಳಿಯುತ್ತಿತ್ತು, ಕಡಲಿನ ಅಲೆ ಅದಕ್ಕೆ ಎದುರಾಗಿ ಅಳಿವೆಯ ಬಾಯಲ್ಲಿ ಎದ್ದೆದ್ದು ಮುರಿಯುತ್ತಿತ್ತು. ಒಳದಾರಿ ಎಲ್ಲಿದೆಯೆಂದು ತಿಳಿಯುವಂತಿರಲಿಲ್ಲ. ದಡದಲ್ಲಿ ಜನ ಸೇರಿದ್ದರು. ಆಚೆ ದಿಬ್ಬದ ಮೇಲೆ ಜಟ್ಟಿಯ ಮನೆ, ಅದರೊಳಗೆ ಉಸಿರು ಎಣಿಸುತ್ತಿದ್ದ ತಾಯಿ.

ಜಟ್ಟಿ ದಡದ ಮೇಲಿನ ಹಳೆಯ ಗುರುತು ನೋಡಿ ದೋಣಿಯ ಮೂತಿಯನ್ನು ನೇರ ಮಾಡಿದ. ಅವನ ಮುಖ ಸುಣ್ಣದಂತಾಗಿತ್ತು ಎಂದರು ಸುಕ್ರು. "ಹಾಕ್ರೋ ಹುಟ್ಟು!" ಎಂದ. ಇವರು ಹಾಕಿದರು. ಕಟ್ಟಳೆ ಇತ್ತಲ್ಲ, ಬಾಯಿ ತೆರೆಯುವಂತಿರಲಿಲ್ಲ.

ಆಗ ಸ್ವಾಮಿಗಳು ಡಬ್ಬಿ ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು:

"ತಾಂಡೇಲರೇ, ನನಗೆ ಭಯವಾಗುತ್ತಿದೆ."

ಹುಟ್ಟುಗಳು ನಿಂತವು. "ಎಲ್ಲ ಬಿಟ್ಟ ಸನ್ಯಾಸಿ ಹಿಂಗೆ ಹೇಳೂದಾ! ನಂಗೇ ನಾಚ್ಕೆ ಆತು" ಎಂದು ಸುಕ್ರು ನನಗೆ ಹೇಳಿದರು. ಬೊಮ್ಮು ತಡೆಯಲಾರದೆ, "ಕಾಯಿ ಬಿಟ್ಟಾಗದೆ ಸ್ವಾಮೀ, ಈಗ ತಿರ್ಗಿದ್ರೆ ಊರು ನಗ್ತದೆ" ಎಂದ.

"ನನ್ನನ್ನು ನೋಡಿ ನಗಲಿ" ಎಂದರು ಸ್ವಾಮಿಗಳು.

ಜಟ್ಟಿ ಒಮ್ಮೆ ದಡದ ಕಡೆ ನೋಡಿದ. ಮರುಗಳಿಗೆ ಅವನು ದೋಣಿಯನ್ನು ತಿರುಗಿಸಿದ. ಅಲೆ ಮುರಿಯುವ ಗೆರೆಯಿಂದ ಹೊರಗೆ ಬಂದು ಲಂಗರು ಹಾಕಿಸಿದ. ಆಮೇಲೆ ಚುಕ್ಕಾಣಿಯ ಬುಡದಲ್ಲೇ ಕುಸಿದು ಕೂತ.

"ನಂಗೂ ಭಯ ಆಗಿತ್ತು ಸ್ವಾಮೀ. ಅವತ್ತೂ ಆಗಿತ್ತು. ದೇವು ಇದೇ ಮಾತು ಹೇಳಿದ್ದ. 'ಅಣ್ಣಾ, ಹೆದ್ರಿಕೆ ಆಗ್ತದೆ, ನಿಲ್ಸು' ಅಂದಿದ್ದ. ನಾನು 'ಸೀರೆ ಉಟ್ಕಳೋ' ಅಂತ ನಕ್ಕೆ. ದಡದಲ್ಲಿ ಜನ ನೋಡ್ತಿದ್ರು."

ಸ್ವಾಮಿಗಳು ಹತ್ತಿರ ಸರಿದು, ಸುಲಿದ ಅಂಗೈಯನ್ನು ಅವನ ಬೆನ್ನ ಮೇಲಿಟ್ಟು ಕುಳಿತರು. ಸ್ವಲ್ಪ ಹೊತ್ತಿಗೆ ಪೂರ್ತಿ ಇಳಿತವಾಯಿತು. ಹಳೆಯ ದಾರಿಯ ನಟ್ಟನಡುವೆ, ಈ ಮಳೆಗಾಲದಲ್ಲಿ ಬಂದು ಕೂತ, ರಾತ್ರಿ ಉಬ್ಬರದಲ್ಲಿ ಹೊರಟಾಗ ನೀರಡಿ ಮುಚ್ಚಿಹೋಗಿದ್ದ ಹೊಸ ಮರಳದಿಣ್ಣೆ ಬೆಳ್ಳಗೆ ಎದ್ದು ಕಂಡಿತು. ದೋಣಿ ಹೋಗುತ್ತಿದ್ದದ್ದು ನೇರ ಅದರ ಮೇಲೆಯೇ.

ಸ್ವಾಮಿಗಳಿಗೆ ನಿಜವಾಗಿ ಭಯವಾಗಿತ್ತೇ, ಅಥವಾ ಅದು ಅವರ ಕರುಣೆಯೇ ಎಂದು ಬಲ್ಲವರು ಚರ್ಚೆ ಮಾಡುವುದುಂಟು. ನಾನೂ ಕೇಳಿದೆ. ಸುಕ್ರು, "ಅವರ ಮೊಣಕಾಲು ನಡುಗ್ತಿತ್ತು ಭಟ್ರೇ, ನಾ ಕಂಡೆ" ಎಂದರು. ಅದನ್ನು ಕೇಳಿ ನನ್ನ ಭಕ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಉಬ್ಬರ ಏರಿ, ದಿಣ್ಣೆಯ ಬಡಗಲಿಗೆ ಹೊಸ ದಾರಿ ತೆರೆದುಕೊಂಡಾಗ ಬಿಸಿಲು ಇಳಿಮುಖವಾಗಿತ್ತು. ಒಳಗೆ ಹೋದರು. ತಾಯಿಗೆ ಇನ್ನೂ ಎಚ್ಚರವಿತ್ತು. ಅವಳು ಸ್ವಾಮಿಗಳಿಗೆ ಕೈ ಜೋಡಿಸುವಷ್ಟರಲ್ಲಿ ಜಟ್ಟಿ ಅವಳ ಕಾಲ ಬಳಿ ಕುಳಿತು, ಒಂದನ್ನೂ ಮುಚ್ಚಿಡದೆ ಹೇಳಿದ.

ಮುದುಕಿ ಮಗನ ಕಡೆಗೆ ಮುಖ ಹೊರಳಿಸಿದಳು.

"ಅವ ಹೆದ್ರಿದ್ನಾ?"

"ಹೆದ್ರಿದ್ದ ಅವ್ವಾ."

"ನೀನು?"

"ನಾನೂ."

ಅವಳು ಮಗನ ಕೈ ಎಳೆದು ಎದೆಯ ಮೇಲಿಟ್ಟುಕೊಂಡಳು. "ಹಂಗಾರೆ ನನ್ನ ಮಗ ಒಬ್ಬನೇ ಹೆದರ್ಕಂಡು ಹೋಗ್ಲಿಲ್ಲ" ಎಂದಳು. ಮೂರನೆಯ ದಿನ ಆ ಕೈ ಹಿಡಿದುಕೊಂಡೇ ತೀರಿಕೊಂಡಳು.

ಅನಂತರ ಜಟ್ಟಿ ತಾಂಡೇಲ ಬದುಕಿದಷ್ಟು ಕಾಲ, ಅಳಿವೆಯ ಬಾಯಿಗೆ ಬಂದಾಗ ದೋಣಿ ನಿಧಾನಿಸಿ, "ಯಾರಿಗಾದ್ರೂ ಭಯ ಅದೆಯಾ? ಬಾಯಿಬಿಟ್ಟು ಹೇಳಿ" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದ. ಒಬ್ಬ ಹೌದೆಂದರೂ ಸಾಕು, ಲಂಗರು ಹಾಕುತ್ತಿದ್ದ. ಮೊದಮೊದಲು ಊರು ನಕ್ಕಿತು. ಈಗ ಮೂಡಂಗಿಯಲ್ಲಿ ಅದೇ ಕಟ್ಟಳೆ.

ಓದಿದ ಪುಣ್ಯವಂತರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ಬೇಡಿಕೊಳ್ಳುತ್ತೇನೆ. ಮನೆಯಲ್ಲಿ ಹೇಳಿ, ದಡದಲ್ಲಿ ಹೇಳಿ. ಹೆದರಿದವನನ್ನು ಕಂಡು ನಗುವವರು ಯಾರಾದರೂ ಇದ್ದರೆ, ದಯವಿಟ್ಟು ಅವರಿಗೆ ಮೊದಲು ಹೇಳಿ.