ನಾಯಿ ಪಾರ್ಕಿನ ಹೊಸ ನಿಯಮ

ಮೈಸೂರಿನ ಒಂದು ಬಡಾವಣೆಯಲ್ಲಿ ಸಾಕುನಾಯಿಗಳನ್ನು ಸರಪಳಿ ಬಿಚ್ಚಿ ಆಡಲು ಬಿಡುವ ಪಾರ್ಕ್ ಇತ್ತು. ಅದರ ಗೇಟು ಕಾಯುತ್ತಿದ್ದವಳು ಪುಟ್ಟತಾಯಮ್ಮ. ಪಾರ್ಕ್ ಸಮಿತಿಯ ಅಧ್ಯಕ್ಷರು ಚಂದ್ರಚೂಡರಾಯರು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಅವರ ದರ್ಪ ಮಾತ್ರ ನಿವೃತ್ತವಾಗಿರಲಿಲ್ಲ.

ಒಂದು ಸಂಜೆ ದರ್ಜಿ ಮಾದೇಶ ತಾನು ಸಾಕಿದ ಬೀದಿನಾಯಿ ಕರಿಯನನ್ನು ಕರೆತಂದ. ರಾಯರ ಲ್ಯಾಬ್ರಡಾರ್ ಡ್ಯೂಕ್ ಅದರ ಜೊತೆ ಸೇರಿ ಕೆಸರಲ್ಲಿ ಹೊರಳಾಡತೊಡಗಿತು. ರಾಯರು ಪುಟ್ಟತಾಯಮ್ಮನ ಮೇಲೆ ಉರಿದುಬಿದ್ದರು.

"ಆ ಕಂತ್ರಿಯನ್ನ ಆಚೆ ಹಾಕು! ಇಲ್ಲದಿದ್ರೆ ನಾಳೆಯಿಂದ ನೀನು ಬರಬೇಡ."

"ಏನು ಕಾರಣ ಅಂತ ಹೇಳಲಿ ಸಾರ್?"

"ಬೊಗಳುತ್ತೆ ಅನ್ನು!"

"ಇದೊಂದನ್ನೇ ಅಂದ್ರೆ ಮಾದೇಶಣ್ಣ ಜಗಳಕ್ಕೆ ಬರ್ತಾನೆ. ಯಾರೇ ಬೊಗಳಿದರೂ ಆಚೆಗೆ ಅಂತ ಬರೆದುಕೊಡಿ ಸಾರ್."

ರಾಯರು ಠೀವಿಯಿಂದ ಹಾಗೇ ಬರೆದು ಕೆಳಗೆ ಸಹಿ ಜಡಿದರು.

ಪುಟ್ಟತಾಯಮ್ಮ ಚೀಟಿ ಹಿಡಿದು ಕರಿಯನ ಮುಂದೆ ಕೂತಳು. ಐದು ನಿಮಿಷ ಕಳೆಯಿತು. ಕರಿಯ ಬಾಲ ಅಲ್ಲಾಡಿಸಿತೇ ಹೊರತು ಬೊಗಳಲಿಲ್ಲ. ರಾಯರ ತಾಳ್ಮೆ ಕೆಟ್ಟಿತು. ಅವಳ ಮೇಲೆ ಕೂಗಾಡಿದರು, ಮಾದೇಶನ ಮೇಲೆ ಅರಚಾಡಿದರು. ಪಾರ್ಕಿನ ನಾಯಿಗಳೆಲ್ಲ ಆಟ ನಿಲ್ಲಿಸಿ ಬೆರಗಾಗಿ ಅವರನ್ನೇ ನೋಡಿದವು.

ಅವಳು ಎದ್ದು ಗೇಟನ್ನು ಪೂರಾ ತೆರೆದಳು. ಚೀಟಿ ತೋರಿಸಿ ರಾಯರಿಗೆ ಕೈಮುಗಿದಳು.

"ದಯಮಾಡಿಸಿ ಸಾರ್. ನಿಮ್ಮದೇ ಆರ್ಡರು."

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ರಾಯರ ಮುಖ ಕೆಂಪೇರಿತು. ಡ್ಯೂಕ್‌ನ ಕೊರಳಪಟ್ಟಿ ಹಿಡಿದು ಎಳೆದರು.

"ಅದು ಇರಲಿ ಬಿಡಿ ಸಾರ್," ಅಂದಳು ಪುಟ್ಟತಾಯಮ್ಮ. "ಪಾಪ, ಅದು ಬಾಯೇ ಬಿಟ್ಟಿಲ್ಲ."