ಮೊಹರುರಾಯರ ಒಣ ಆಕ್ಷೇಪಣೆ

ಬಂದರಿನ ಸುಂಕದ ಕಟ್ಟೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಬಂದು ಕೂತಿತ್ತು, ಕೇಳಿ. ಒಳಗೆ ಪರದೇಶದ, ಸುಲಿದು ಬೇಯಿಸಿದ ಸಿಗಡಿ. ಅದನ್ನು ಕೆಡದಂತೆ ಕಾಯುತ್ತಿದ್ದದ್ದು ಒಂದೇ ಒಂದು ಮಂಜುಗಡ್ಡೆ. ಎದುರಿಗೆ ರಬ್ಬರು ಮೊಹರು. ಮರ್ಯಾದೆಗೆ ಮೊಹರುರಾಯರು ಎನ್ನೋಣ. ಅವರು ಕಾಗದದ ಮೇಲೆ ಒಮ್ಮೆ ಕೂತೆದ್ದರೆ ಮಾಲು ಹೊರಗೆ, ಇಲ್ಲವಾದರೆ ಸಿಗಡಿಯೆಲ್ಲ ತಿಪ್ಪೆಗೆ.

“ಆರೋಗ್ಯ ಪತ್ರ?” ಎಂದರು ರಾಯರು.

“ಇಗೋ, ಸ್ವಾಮಿ,” ಎಂದಿತು ಮಂಜುಗಡ್ಡೆ.

“ಆಮದು ಪರವಾನಗಿ?”

“ಅದರ ಕೆಳಗೇ ಇದೆ. ಬೇಗ ಆಗಲಿ, ನನ್ನ ಕಾಲು ಆಗಲೇ ನೀರಾಯಿತು.”

“ಅವಸರ ಮಾಡಬೇಡ! ಈ ಸಿಗಡಿಗಳ ತಲೆ ಎಲ್ಲಿ?”

“ತಲೆ ತೆಗೆದೇ ತರಬೇಕೆಂಬುದು ತಮ್ಮದೇ ನಿಯಮ.”

“ಹಾಗಾದರೆ ತಲೆಗಳ ಒಪ್ಪಿಗೆ ಪತ್ರ ತಾ!”

ಮಂಜುಗಡ್ಡೆಯ ಅರ್ಧ ಮೈ ಇಳಿದುಹೋಗಿತ್ತು. ಇಂಥ ಪ್ರಶ್ನೆ ಕೇಳುವವರಿಗೆ ಬೇಕಾದದ್ದು ಉತ್ತರವಲ್ಲ, ಬೇರೇನೋ ಇರಬೇಕು ಎಂದುಕೊಂಡು ಅದು ರಾಯರ ಪಕ್ಕಕ್ಕೆ ಕಣ್ಣು ಹಾಯಿಸಿತು. ಗುಟ್ಟು ಅಲ್ಲಿತ್ತು! ಅವರ ಶಾಯಿ ಪ್ಯಾಡು ಒಣಗಿ ಹಪ್ಪಳವಾಗಿತ್ತು. ಒತ್ತಿದರೆ ಏನೂ ಮೂಡುವುದಿಲ್ಲ. ಹಾಗೆಂದು ಹೇಳಿಕೊಳ್ಳಲು ರಾಯರಿಗೆ ನಾಚಿಕೆ.

ಮಂಜುಗಡ್ಡೆ ಮೆಲ್ಲಗೆ ಪೆಟ್ಟಿಗೆಯ ಅಂಚಿಗೆ ಜರುಗಿ, ತನ್ನ ಮೈಯಿಂದ ಇಳಿಯುತ್ತಿದ್ದ ನೀರನ್ನು ನಾಲ್ಕು ಹನಿ ಪ್ಯಾಡಿನ ಮೇಲೆ ಬೀಳಿಸಿತು.

ರಾಯರು ಓರೆಗಣ್ಣಿನಲ್ಲಿ ನೋಡಿದರು, ಗಂಟಲು ಸರಿಮಾಡಿಕೊಂಡರು. ಪ್ಯಾಡಿನ ಮೇಲೊಮ್ಮೆ, ಕಾಗದದ ಮೇಲೊಮ್ಮೆ ದಡ್ಡೆಂದು ಕೂತೆದ್ದರು. ನೀಲಿ ಅಕ್ಷರ ಮುದ್ದಾಗಿ ಮೂಡಿತು.

“ಮತ್ತೆ ತಲೆಗಳ ಒಪ್ಪಿಗೆ ಪತ್ರ, ಸ್ವಾಮಿ?”

“ಯಾವ ತಲೆ?” ಎಂದರು ರಾಯರು. “ಕಾಗದವೆಲ್ಲ ಮೊದಲಿನಿಂದಲೂ ಸರಿಯಾಗೇ ಇದೆಯಲ್ಲ! ತಡಮಾಡಿದ್ದು ನೀನೇ. ಹೊರಡು ಹೊರಡು, ಕರಗಿಹೋಗುತ್ತೀಯ.”